ಡ್ಯೂಟಿ ಮುಗಿಸಿ ಬರೆದದ್ದು – ಭಾಗ 14: ರಿಪೋರ್ಟ್ ನಾರ್ಮಲ್, ಆದರೆ ಏಳಕ್ಕೆ ಆಗ್ತಿಲ್ಲ

ಹೋದ ಭಾಗಕ್ಕೆ ಬಂದ ಮೆಸೇಜುಗಳಲ್ಲಿ ಒಂದೇ ತರಹದ ಪ್ರಶ್ನೆ ಮೂರ್ನಾಲ್ಕು ಜನರಿಂದ ಬಂದಿದೆ. "ವರ್ಷಗಳಿಂದ ಮೈಕೈ ನೋವು, ಸುಸ್ತು. ಎಲ್ಲ ಟೆಸ್ಟ್ ಮಾಡಿಸಿದೆವು, ಎಲ್ಲ ನಾರ್ಮಲ್. ಡಾಕ್ಟರು ಏನೂ ಇಲ್ಲ ಅಂತಾರೆ. ಹಾಗಾದರೆ ಇದು ಏನು?" ಫೋನಿನಲ್ಲಿ ರೋಗ ಕಂಡುಹಿಡಿಯುವುದು ನರ್ಸಿನ ಕೆಲಸವಲ್ಲ. ಆದರೆ ಈ ಪ್ರಶ್ನೆಗೆ ದೊಡ್ಡ ಚರಿತ್ರೆ ಇದೆ. ಅದರ ಒಂದು ತುದಿ ನಮ್ಮ ಜಿಲ್ಲೆಯಲ್ಲಿದೆ, ಇನ್ನೊಂದು ತುದಿ ನಾನೀಗ ಇರುವ ಕ್ಯಾಲಿಫೋರ್ನಿಯಾದಲ್ಲಿದೆ. ಇವತ್ತು ಅದನ್ನೇ ಬರೆಯುತ್ತೇನೆ.

ಊರಿನಿಂದಲೇ ಶುರುಮಾಡೋಣ. ಸಾಗರ ತಾಲೂಕಿನ ಹಂದಿಗೋಡಿನ ಹೆಸರು ನಿಮಗೆಲ್ಲ ಗೊತ್ತು. 1974-75ರ ಹೊತ್ತಿಗೆ ಅಲ್ಲಿನ ಬಡ ದಲಿತ ಕುಟುಂಬಗಳಲ್ಲಿ ಸೊಂಟ, ಮೊಣಕಾಲು ಹಿಡಿದು ನಡೆಯಲಾರದವರ ಸುದ್ದಿ ಹೊರಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿದರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದಿದ್ದರಿಂದ ಹೀಗಾಯಿತೇ ಎಂಬ ಅನುಮಾನ ಆಗ ಬಲವಾಗಿತ್ತು. ಮುಂದೆ 90ರ ದಶಕದ ಎಕ್ಸ್‌ರೇ ಅಧ್ಯಯನಗಳು ಇದು ವಂಶದಲ್ಲಿ ಹರಿದುಬರುವ, ಮೂಳೆ-ಕೀಲು ಬೆಳೆಯುವಾಗಲೇ ಆಗುವ ದೋಷ ಅಂದವು. ಅಷ್ಟು ಹೇಳುವುದಕ್ಕೇ ಹತ್ತಿರಹತ್ತಿರ 20 ವರ್ಷ ಬೇಕಾಯಿತು. ಅದೂ ಕಣ್ಣಿಗೆ ಕಾಣುವ, ಎಕ್ಸ್‌ರೇಯಲ್ಲಿ ಎದ್ದು ತೋರುವ ಕಾಯಿಲೆಗೆ. ಇನ್ನು ಎಕ್ಸ್‌ರೇಯಲ್ಲೂ ರಕ್ತದಲ್ಲೂ ಏನೂ ಕಾಣದಿದ್ದರೆ ಗತಿ ಏನು? ಅಂಥವರ ಕಥೆಯಲ್ಲಿ ಮೊದಲಿಗೇ ಸಿಗುವವರು ನಮ್ಮವರೇ, ಅಂದರೆ ನರ್ಸುಗಳು.

1934ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಪೋಲಿಯೊ ಹಾವಳಿ. ಅಲ್ಲಿನ ಕೌಂಟಿ ಜನರಲ್ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಸಿಬ್ಬಂದಿಯೇ ಮಲಗತೊಡಗಿದರು. ಒಟ್ಟು 198 ಜನ, ಅವರಲ್ಲಿ ನರ್ಸುಗಳೇ ಹೆಚ್ಚು. ಸ್ನಾಯು ನೋವು, ಬಲಹೀನತೆ, ನಿದ್ದೆ ಕೆಡುವುದು, ಮರೆವು. ಪೋಲಿಯೊದ ಹಾಗೆ ಕೈಕಾಲು ಪೂರ್ತಿ ಬಿದ್ದುಹೋಗಲಿಲ್ಲ. ಆದರೆ ಎಷ್ಟೋ ಜನ ತಿಂಗಳುಗಟ್ಟಲೆ ಕೆಲಸಕ್ಕೆ ಮರಳಲಾಗಲಿಲ್ಲ. ಸಾರ್ವಜನಿಕ ಆರೋಗ್ಯ ಇಲಾಖೆಯ ಅಲೆಕ್ಸಾಂಡರ್ ಗಿಲಿಯಂ 1938ರಲ್ಲಿ ಇದರ ವರದಿ ಪ್ರಕಟಿಸಿದರು. ಒಬ್ಬೊಬ್ಬರ ಲಕ್ಷಣವನ್ನೂ ಕೂರಿಸಿ ಬರೆದಿಟ್ಟ ವರದಿ ಅದು. ಕಾರಣ ಸಿಗಲಿಲ್ಲ, ದಾಖಲೆ ಮಾತ್ರ ಉಳಿಯಿತು.

1955ರಲ್ಲಿ ಇಂಥದೇ ಕಾಯಿಲೆ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಗೆ ಬಂತು. 292 ಸಿಬ್ಬಂದಿ ಕಾಯಿಲೆಬಿದ್ದರು, ಆಸ್ಪತ್ರೆಯನ್ನೇ ಸುಮಾರು ಎರಡು ತಿಂಗಳು ಮುಚ್ಚಬೇಕಾಯಿತು. ಮರುವರ್ಷ 'ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್' ಎಂಬ ಹೆಸರು ಹುಟ್ಟಿತು. ಅದನ್ನೇ ಚಿಕ್ಕದಾಗಿ ಎಂಇ ಅನ್ನುತ್ತಾರೆ. ಆದರೆ 15 ವರ್ಷದ ನಂತರ, 1970ರಲ್ಲಿ, ಮೆಕೆವೆಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು ಹಳೆಯ ಕೇಸ್ ಶೀಟುಗಳನ್ನು ಓದಿ, ಇದು ಸಾಮೂಹಿಕ ಹಿಸ್ಟೀರಿಯಾ ಎಂದು ಬರೆದರು. ಅವರು ಆ ರೋಗಿಗಳನ್ನು ಪರೀಕ್ಷಿಸಿರಲಿಲ್ಲ. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚು ಎಂಬುದು! ನರ್ಸಿಂಗ್ ಕೆಲಸದಲ್ಲಿ ಆಗ ಇದ್ದವರೇ ಹೆಂಗಸರು. ಇನ್ಯಾರಿಗೆ ಬರಬೇಕಿತ್ತು ಹೇಳಿ?

ನಮ್ಮ ಕಡೆಯೂ ಇದೇ ತಾನೇ? ಗಂಡಸು ಸುಸ್ತು ಅಂದರೆ ದುಡಿದು ದಣಿದಿದ್ದಾನೆ. ಹೆಂಗಸು ಸುಸ್ತು ಅಂದರೆ ಸೋಮಾರಿ, ನಾಟಕ, ದೃಷ್ಟಿ ತಾಗಿದೆ, ಮದುವೆ ಆದರೆ ಸರಿಹೋಗುತ್ತೆ. ಮದುವೆ ಆಗಿದ್ದರೆ, ಮಗು ಆದರೆ ಸರಿಹೋಗುತ್ತೆ.

ಮತ್ತೆ ಈ ಕಡೆಗೆ ಬರೋಣ. ಸ್ಯಾನ್ ಫ್ರಾನ್ಸಿಸ್ಕೊದಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ ಹೋದರೆ ಲೇಕ್ ತಾಹೋ. ಫೋಟೊ ಹಾಕಿದ್ದೆನಲ್ಲ, ಅದೇ ಸರೋವರ. ಅದರ ದಡದ ಇನ್‌ಕ್ಲೈನ್ ವಿಲೇಜ್‌ನಲ್ಲಿ 1984-85ರಲ್ಲಿ ಜ್ವರ ಬಂದುಹೋದ ಮೇಲೂ ಏಳಲಾಗದ ರೋಗಿಗಳನ್ನು ಡಾ. ಪಾಲ್ ಚೇನಿ ಮತ್ತು ಡಾ. ಡೇನಿಯಲ್ ಪೀಟರ್ಸನ್ ಒಬ್ಬರ ಹಿಂದೊಬ್ಬರಂತೆ ಕಂಡರು. ಪತ್ರಿಕೆಗಳು ಇದನ್ನು 'ಯಪ್ಪಿ ಫ್ಲೂ', ಅಂದರೆ ಹಣವಂತ ಯುವಕರ ಜ್ವರ ಎಂದು ಗೇಲಿ ಮಾಡಿದವು. 1988ರಲ್ಲಿ ಸರ್ಕಾರದ ರೋಗ ನಿಯಂತ್ರಣ ಕೇಂದ್ರ, ಸಿಡಿಸಿ, 'ಕ್ರಾನಿಕ್ ಫಟೀಗ್ ಸಿಂಡ್ರೋಮ್' ಎಂಬ ಹೆಸರು ಕೊಟ್ಟಿತು. ಈ ಹೆಸರೇ ರೋಗಿಗಳಿಗೆ ಮುಳುವಾಯಿತು. "ಫಟೀಗಾ? ನಂಗೂ ಆಗುತ್ತೆ, ಕಾಫಿ ಕುಡಿ" ಅನ್ನುವವರೇ ಎಲ್ಲ.

ಆದರೆ ಇದು ಕಾಫಿಗೆ ಹೋಗುವ ದಣಿವಲ್ಲ. ಇದರ ಮುಖ್ಯ ಗುರುತು ಒಂದಿದೆ: ಸ್ವಲ್ಪ ಹೆಚ್ಚು ಕೆಲಸ ಮಾಡಿದರೆ ಅವತ್ತಲ್ಲ, ಮರುದಿನವೋ ಅದರ ಮರುದಿನವೋ ಇಡೀ ದೇಹ ಕುಸಿಯುತ್ತದೆ. ಮಲಗಿ ಎದ್ದರೂ ಸುಧಾರಿಸುವುದಿಲ್ಲ. ಎದ್ದು ನಿಂತರೆ ತಲೆ ಹಗುರ, ಎದೆ ಡವಡವ. ಓದಿದ್ದು ತಲೆಗೆ ಹತ್ತುವುದಿಲ್ಲ. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಇದು ನಿಜವಾದ, ಗಂಭೀರವಾದ ದೈಹಿಕ ಕಾಯಿಲೆ ಎಂದು ಸ್ಪಷ್ಟವಾಗಿ ಬರೆಯಿತು. ಈ ದೇಶದಲ್ಲಿ 8.36 ಲಕ್ಷದಿಂದ 25 ಲಕ್ಷ ಜನರಿಗೆ ಇದಿರಬಹುದು, ಅವರಲ್ಲಿ ಶೇಕಡ 84ರಿಂದ 91 ಜನರಿಗೆ ರೋಗದ ಹೆಸರನ್ನೇ ಯಾರೂ ಹೇಳಿಲ್ಲ ಎಂಬುದು ಆ ವರದಿಯ ಅಂದಾಜು.

ಇದೇ ಬೇ ಏರಿಯಾದ ಸ್ಟ್ಯಾನ್‌ಫೋರ್ಡಿನಲ್ಲಿ ರಾನ್ ಡೇವಿಸ್ ಎಂಬ ಹಿರಿಯ ವಿಜ್ಞಾನಿ ಇದ್ದಾರೆ. ಜೀನುಗಳ ಸಂಶೋಧನೆಯಲ್ಲಿ ದೊಡ್ಡ ಹೆಸರು. ಅವರ ಮಗ ವಿಟ್ನಿ ಡಾಫೋ ಊರೂರು ತಿರುಗುತ್ತಿದ್ದ ಫೋಟೊಗ್ರಾಫರ್. ಇದೇ ಕಾಯಿಲೆಯಿಂದ ಹಾಸಿಗೆ ಹಿಡಿದರು, ಮಾತು ನಿಂತಿತು, ಆಹಾರ ಟ್ಯೂಬಿನಲ್ಲಿ. ಜಗತ್ತಿನ ಒಳ್ಳೆಯ ಲ್ಯಾಬುಗಳೆಲ್ಲ ಕೈಗೆಟಕುವ ಅಪ್ಪನಿಗೂ ಮಾಮೂಲಿ ಟೆಸ್ಟುಗಳಲ್ಲಿ ಉತ್ತರ ಸಿಗಲಿಲ್ಲ. ಅವರು ತಮ್ಮ ಲ್ಯಾಬನ್ನೇ ಈ ಕಾಯಿಲೆಯ ಕಡೆ ತಿರುಗಿಸಿದರು. 2019ರಲ್ಲಿ ಅವರ ತಂಡ 20 ರೋಗಿಗಳ ಮತ್ತು 20 ಆರೋಗ್ಯವಂತರ ರಕ್ತಕಣಗಳನ್ನು ಉಪ್ಪಿನ ಒತ್ತಡಕ್ಕೆ ಒಡ್ಡಿ ನೋಡಿತು. ಎರಡೂ ಗುಂಪಿನ ಕಣಗಳು ಬೇರೆಬೇರೆಯಾಗಿ ವರ್ತಿಸಿದವು. ಚಿಕ್ಕ ಅಧ್ಯಯನ, ಊರಿನ ಲ್ಯಾಬಿನಲ್ಲಿ ಸಿಗುವ ಟೆಸ್ಟ್ ಅಲ್ಲ. ಆದರೂ 'ಏನೂ ಇಲ್ಲ' ಅಂದಿದ್ದ ರಕ್ತದಲ್ಲೇ ಏನೋ ಕಂಡಿತು.

ಪಕ್ಕದ ಬರ್ಕ್ಲಿಯ ಡೇವಿಡ್ ಟುಲ್ಲರ್ ಡಾಕ್ಟರಲ್ಲ, ಮೊದಲು ಪತ್ರಕರ್ತರಾಗಿದ್ದವರು. ದಿನದಿನಕ್ಕೆ ವ್ಯಾಯಾಮ ಹೆಚ್ಚಿಸಿದರೆ ಈ ರೋಗಿಗಳು ಚೇತರಿಸಿಕೊಳ್ಳುತ್ತಾರೆ ಎಂದು 2011ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ ಹೇಳಿತ್ತು. ಅದರ ಲೆಕ್ಕಾಚಾರದ ದೋಷಗಳನ್ನು ಅವರು 2015ರಲ್ಲಿ ಸಾಲಾಗಿ ಬರೆದರು. ಅದಕ್ಕೂ ಮೊದಲಿನಿಂದ ರೋಗಿಗಳು "ಇದರಿಂದ ನಮಗೆ ಜಾಸ್ತಿಯಾಗ್ತಿದೆ" ಅಂತ ಕೂಗುತ್ತಲೇ ಇದ್ದರು. 2017ರಲ್ಲಿ ಸಿಡಿಸಿ, 2021ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಆ ಸಲಹೆಯನ್ನು ಕೈಬಿಟ್ಟವು.

2020ರಲ್ಲಿ ಕೋವಿಡ್ ಬಂತು, ಬಂದುಹೋದ ಮೇಲೂ ಏಳಲಾಗದವರು ಜಗತ್ತಿನ ತುಂಬ ಕಂಡರು. 'ಲಾಂಗ್ ಕೋವಿಡ್' ಎಂಬ ಹೆಸರಿಟ್ಟವರೂ ರೋಗಿಗಳೇ. ಆ ಏಪ್ರಿಲ್ ತಿಂಗಳಲ್ಲೇ ಸ್ಯಾನ್ ಫ್ರಾನ್ಸಿಸ್ಕೊದ ಯುಸಿಎಸ್‌ಎಫ್‌ನ ಎಚ್‌ಐವಿ ಸಂಶೋಧಕರು ಇಂಥವರನ್ನು ತಿಂಗಳಾನುಗಟ್ಟಲೆ ಹಿಂಬಾಲಿಸುವ ಅಧ್ಯಯನ ಶುರುಮಾಡಿದರು. ಈ ಸಲ 'ಹಿಸ್ಟೀರಿಯಾ' ಅನ್ನುವುದು ಅಷ್ಟು ಸುಲಭವಾಗಲಿಲ್ಲ. ಕಾಯಿಲೆ ಬಿದ್ದವರಲ್ಲಿ ಡಾಕ್ಟರುಗಳೂ ಇದ್ದರಲ್ಲ.

ಇಷ್ಟೆಲ್ಲ ಯಾಕೆ ಬರೆದೆ? ನಾರ್ಮಲ್ ರಿಪೋರ್ಟ್ ಅಂದರೆ "ನಾವು ಹುಡುಕಿದ್ದು ಇಲ್ಲಿ ಇಲ್ಲ" ಅಂತ ಅಷ್ಟೇ ಅರ್ಥ. "ಕಾಯಿಲೆ ಇಲ್ಲ" ಅಂತ ಅಲ್ಲ. ಹಾಗಂತ ಸುಸ್ತಾದವರಿಗೆಲ್ಲ ಎಂಇ ಇದೆ ಅಂತಲೂ ಅಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಬಿ12 ಮೊದಲು ನೋಡಲೇಬೇಕು. ಗೊರಕೆ ಹೊಡೆದು ನಿದ್ದೆ ಕೆಡುವುದನ್ನೂ ಕೇಳಬೇಕು. ಖಿನ್ನತೆಯಿದ್ದರೆ ಅದೂ ನಿಜವಾದ ಕಾಯಿಲೆಯೇ, ನಾಚಿಕೆಪಡುವಂಥದ್ದಲ್ಲ.

ಮೆಸೇಜ್ ಮಾಡಿದವರಿಗೆ ನನ್ನ ಕೋರಿಕೆ ಇಷ್ಟು. ಒಂದು ನೋಟ್‌ಬುಕ್ ಇಡಿ. ಇವತ್ತು ಏನು ಕೆಲಸ ಮಾಡಿದಿರಿ, ನಾಳೆ, ನಾಡಿದ್ದು ಹೇಗಿದ್ದಿರಿ ಎಂದು ಎರಡು ವಾರ ಬರೆಯಿರಿ. ಮಲಗಿದ್ದಾಗ ನಾಡಿ ಎಷ್ಟು, ಹತ್ತು ನಿಮಿಷ ನಿಂತ ಮೇಲೆ ಎಷ್ಟು, ಅದನ್ನೂ ಬರೆಯಿರಿ. ನಿಲ್ಲುವಾಗ ಪಕ್ಕದಲ್ಲಿ ಯಾರಾದರೂ ಇರಲಿ. ಇಷ್ಟನ್ನು ಡಾಕ್ಟರ ಮುಂದಿಡಿ. "ಸುಸ್ತು" ಅಂದರೆ ಅವರಿಗೆ ಹಿಡಿಯಲು ಏನೂ ಸಿಗುವುದಿಲ್ಲ, "ಭಾನುವಾರ ಬಟ್ಟೆ ಒಗೆದೆ, ಮಂಗಳವಾರ ಏಳಲಾಗಲಿಲ್ಲ" ಅಂದರೆ ಸಿಗುತ್ತದೆ.

ಮನೆಯವರಿಗೂ ಒಂದು ಮಾತು. ಈ ಕಾಯಿಲೆಗೆ ಇನ್ನೂ ಖಚಿತ ಔಷಧಿ ಇಲ್ಲ. ಆದರೆ ನಂಬುವುದಕ್ಕೆ ಯಾವ ಲ್ಯಾಬೂ ಬೇಡ. ಮಲಗಿದವರನ್ನು ಎಬ್ಬಿಸಿ "ಓಡಾಡಿದರೆ ಸರಿಹೋಗುತ್ತೆ" ಅನ್ನುವ ಮೊದಲು, ನಿನ್ನೆ ಓಡಾಡಿದ್ದಕ್ಕೆ ಇವತ್ತು ಹೀಗಾಯಿತಾ ಅಂತ ಕೇಳಿ.

ನಾಳೆಯಿಂದ ಮೂರು ದಿನ ನನಗೆ ನೈಟ್ ಶಿಫ್ಟ್. ಉತ್ತರಿಸುವುದು ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ. ನೋಟ್‌ಬುಕ್ ಮಾತ್ರ ಇವತ್ತೇ ಶುರುಮಾಡಿ.