ವಿದ್ಯಾನಿಧಿಯೂ ಪ್ರಸಾದನಿಲಯವೂ

ಒಂದು ಸಮುದಾಯದವರು ತಮ್ಮ ಮಕ್ಕಳ ಓದಿಗಾಗಿ ಹಣ, ದವಸ ಅಥವಾ ಆಸ್ತಿಯನ್ನು ಒಂದೆಡೆ ಕೂಡಿಟ್ಟು, ಅದರ ಉತ್ಪತ್ತಿಯಿಂದ ವಿದ್ಯಾರ್ಥಿವೇತನವನ್ನೋ ಊಟವಸತಿಯನ್ನೋ ಒದಗಿಸುವ ಏರ್ಪಾಟಿಗೆ ವಿದ್ಯಾನಿಧಿ ಎಂದು ಹೆಸರು. ಹತ್ತಿರದಲ್ಲಿ ಕಾಲೇಜು ಇಲ್ಲದ ಕಡೆ ಇಂಥ ಏರ್ಪಾಟಿನ ಅಗತ್ಯ ಹೆಚ್ಚಾಗಿತ್ತು. ಕೊಡಗಿನಲ್ಲಿ, 1949ರಲ್ಲಿ ಮಡಿಕೇರಿಯಲ್ಲಿ ಕಾಲೇಜು ಆರಂಭವಾಗುವವರೆಗೆ, ಕೊಡವ ತರುಣರು ಪದವಿ ಓದಲು ನಾಡು ಬಿಟ್ಟು ಹೊರಗೆ ಹೋಗಲೇಬೇಕಾಗಿತ್ತು. ಅಂದಿನ ಕಡೂರು ಜಿಲ್ಲೆಗೆ, ಅಂದರೆ 1947ರಲ್ಲಿ ಚಿಕ್ಕಮಗಳೂರು ಎಂದು ಹೆಸರು ಬದಲಾದ ಜಿಲ್ಲೆಗೆ, ಸೇರಿದ್ದ ಅಜ್ಜಂಪುರ, ತರೀಕೆರೆ ಸೀಮೆಯ ಬೇಸಾಯಗಾರರ ಕಷ್ಟವೂ ಇದೇ ಬಗೆಯದು.

ಅಜ್ಜಂಪುರಕ್ಕೆ ರೈಲು ಬಂದು, ಬೀರೂರಿನ ದಾರಿಯಾಗಿ ಬೆಂಗಳೂರು ಹತ್ತಿರವಾಯಿತು. ಆದರೆ ಅಲ್ಲಿನ ಸೆಂಟ್ರಲ್ ಕಾಲೇಜಿಗೋ ಮೈಸೂರಿನ ಮಹಾರಾಜ ಕಾಲೇಜಿಗೋ ಸೇರಿದ ಹುಡುಗನಿಗೆ ಶುಲ್ಕಕ್ಕಿಂತ ದೊಡ್ಡ ಚಿಂತೆ ಎರಡು ಹೊತ್ತಿನ ಊಟದ್ದಾಗಿತ್ತು. ಪಟ್ಟಣದಲ್ಲಿ ಬಂಧುಬಳಗವಿದ್ದ ಬ್ರಾಹ್ಮಣ ಹುಡುಗರು ವಾರಾನ್ನದಿಂದ, ಎಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು, ಓದು ಮುಗಿಸಬಹುದಾಗಿತ್ತು. ಹಳ್ಳಿಯ ಒಕ್ಕಲು ಮನೆತನಗಳಿಗೆ ಅಂಥ ಆಸರೆ ವಿರಳವಾಗಿತ್ತು. ಆದ್ದರಿಂದ ವಿದ್ಯಾನಿಧಿಯ ಚರಿತ್ರೆ ಬಹುಪಾಲು ಅಡುಗೆಮನೆಯ ಚರಿತ್ರೆಯೇ ಆಗಿದೆ. ಅದನ್ನು ಬರಿಯ ಹಣಕಾಸಿನ ಲೆಕ್ಕವಾಗಿ ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ.

ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಲಿಂಗಾಯತ ಎಜುಕೇಷನ್ ಫಂಡ್ ಅಸೋಸಿಯೇಷನ್ ಹುಟ್ಟಿತು. ಮರುವರ್ಷ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. ಕನ್ನಡ ನಾಡಿನ ಉತ್ತರದಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನೇ ಲಿಂಗಾಯತ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮರಣಪತ್ರದ ಮೂಲಕ ಬಿಟ್ಟುಕೊಟ್ಟಿದ್ದರು. ಒಬ್ಬನ ಕೈಯಿಂದ ಬಂದ ಇಷ್ಟು ದೊಡ್ಡ ಕೊಡುಗೆಗೆ ಆ ಕಾಲದ ಕನ್ನಡ ನಾಡಿನಲ್ಲಿ ಹೋಲಿಕೆ ಸಿಗುವುದು ಕಷ್ಟ. ಮೈಸೂರು ಸಂಸ್ಥಾನದ ಸರಕಾರವೂ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ, ಅದರ ಶಿಫಾರಸಿನ ಮೇಲೆ ಹಿಂದುಳಿದವರೆಂದು ಗುರುತಿಸಿದ ವರ್ಗಗಳ ವಿದ್ಯಾರ್ಥಿಗಳಿಗೆ ನೆರವು ಹೆಚ್ಚಿಸಿತು.

ಪೇಟೆಯ ನಿಧಿಗೆ ವರ್ತಕರ ವಂತಿಗೆ ಆಧಾರವಾದರೆ ಹಳ್ಳಿಯ ನಿಧಿಗೆ ಕಣವೇ ಆಧಾರ. ಮನೆಯಾಕೆ ಅಡುಗೆಗೆ ಅಳೆಯುವಾಗ ಒಂದು ಹಿಡಿ ಧಾನ್ಯವನ್ನು ಬೇರೆ ಮಡಕೆಗೆ ಹಾಕಿ, ಅದು ತುಂಬಿದಾಗ ವಿದ್ಯಾರ್ಥಿಗಳ ಊಟಕ್ಕೆ ಒಪ್ಪಿಸುವ ಪದ್ಧತಿಗೆ ಮುಷ್ಟಿಭಿಕ್ಷೆ ಎಂದು ಹೆಸರು. ಹೀಗೆ ಬಂದ ದವಸದಿಂದ ನಡೆಯುವ ಉಚಿತ ವಸತಿಗೃಹವನ್ನು ಪ್ರಸಾದನಿಲಯವೆಂದು ಕರೆದುದರಲ್ಲಿ ಶರಣರ ದಾಸೋಹದ ಕಲ್ಪನೆಯಿದೆ: ಇಲ್ಲಿ ಉಣ್ಣುವವನು ಯಾರ ಋಣದಲ್ಲಿಯೂ ಕುಗ್ಗಬೇಕಾಗಿಲ್ಲ. ಸಿದ್ಧಗಂಗಾ ಮಠದಲ್ಲಿ 1917ರಲ್ಲಿ ಆರಂಭವಾದ ವಿದ್ಯಾರ್ಥಿನಿಲಯ ಈ ದಾರಿಯದು. ಅಜ್ಜಂಪುರ ಸೀಮೆಯ ಸಾಧು ವೀರಶೈವ ಮನೆತನಗಳು ನಡೆದುಕೊಳ್ಳುವ ಸಿರಿಗೆರೆಯ ತರಳಬಾಳು ಮಠದಲ್ಲಿ, 1940ರಲ್ಲಿ ಪೀಠವೇರಿದ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ಹಳ್ಳಿಗಳಿಗೇ ಒಯ್ದರು. ಮಗ ಊರು ಬಿಟ್ಟು ದೂರ ಹೋಗಬೇಕೆಂಬ ಹಳೆಯ ಕಟ್ಟು ಇದರಿಂದ ಸಡಿಲವಾಯಿತು.

ಈ ನಿಧಿಗಳ ಮಿತಿಯನ್ನೂ ಮರೆಮಾಚಬಾರದು. ಅವು ಬಹುಮಟ್ಟಿಗೆ ಜಾತಿಯ ಗೆರೆಯೊಳಗೆ ಹುಟ್ಟಿದವು. ಭೂಮಿಯಾಗಲಿ ವ್ಯಾಪಾರವಾಗಲಿ ಇಲ್ಲದ ಸಮುದಾಯಗಳಿಗೆ ಕೂಡಿಡಲು ಕಣವೇ ಇರಲಿಲ್ಲ. ಹಿಡಿಧಾನ್ಯ ಎತ್ತಿಟ್ಟದ್ದು ಹೆಂಗಸರ ಕೈಯಾದರೂ ಅದನ್ನು ಉಂಡು ಓದಿದವರು ಬಹುಕಾಲ ಗಂಡುಮಕ್ಕಳೇ.

ದಾನಿಗಳ ಹೆಸರು ಕಟ್ಟಡಗಳ ಕಲ್ಲಿನಲ್ಲಿ ಉಳಿದಿದೆ. ಮುಷ್ಟಿಯ ಲೆಕ್ಕ ಹಾಗೆ ಉಳಿಯುವಂಥದ್ದಲ್ಲ. ಹಳೆಯ ರಸೀದಿ ಪುಸ್ತಕ, ದವಸದ ಪಟ್ಟಿ, ವಿದ್ಯಾರ್ಥಿನಿಲಯದ ಹಾಜರಿ ಕಡತಗಳು ಈ ಸೀಮೆಯ ಯಾವ ಮನೆಯ ಅಟ್ಟದಲ್ಲಿದ್ದರೂ ರದ್ದಿಗೆ ಹಾಕದೆ ಕಾಪಾಡಬೇಕು.