ಕೌಲ್ ಬಜಾರ್: ಒಂದೇ ಊರಿನೊಳಗೆ ಇನ್ನೊಂದು ಊರು

ಬಳ್ಳಾರಿಯವರನ್ನು ‘ನಿಮ್ಮದು ಯಾವ ಕಡೆ?’ ಎಂದು ಕೇಳಿದರೆ ಓಣಿಯ ಹೆಸರಿಗಿಂತ ಮೊದಲು ಪೇಟೆಯ ಹೆಸರು ಬರುತ್ತದೆ. ಬ್ರೂಸ್‌ಪೇಟೆ, ಮೆಲ್ಲರ್‌ಪೇಟೆ, ಸತ್ಯನಾರಾಯಣಪೇಟೆ, ಕಂಟೋನ್ಮೆಂಟ್, ಕೌಲ್ ಬಜಾರ್. ಇಂದು ಇವೆಲ್ಲ ಒಂದೇ ನಗರದ ಭಾಗಗಳು. ಆದರೆ ಇವು ಹುಟ್ಟಿದ್ದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನರಿಗಾಗಿ. ನಡುವೆ ಎರಡು ಬಂಡೆಗುಡ್ಡಗಳು, ಊರನ್ನು ಸೀಳಿಕೊಂಡು ಹೋಗುವ ರೈಲುಹಳಿ. ಹೀಗಾಗಿ ಬಳ್ಳಾರಿ ಬೆಳೆದದ್ದು ಒಂದು ಊರಾಗಿ ಅಲ್ಲ, ಹಲವು ಊರುಗಳಾಗಿ.

ಇವುಗಳಲ್ಲಿ ಹೆಸರಿನಿಂದಲೇ ಕುತೂಹಲ ಕೆರಳಿಸುವುದು ಕೌಲ್ ಬಜಾರ್. ಕೌಲು ಎಂದರೆ ಕರಾರು. ಪಾಳುಬಿದ್ದ ನೆಲವನ್ನು ಸಾಗುಮಾಡುವ ರೈತನಿಗೆ, ಹೊಸ ಪೇಟೆಯಲ್ಲಿ ಅಂಗಡಿ ಹೂಡಲು ಬರುವ ವರ್ತಕನಿಗೆ ರಿಯಾಯಿತಿಯ ಭರವಸೆ ನೀಡಿ ಸರ್ಕಾರ ಬರೆದುಕೊಡುತ್ತಿದ್ದ ಪತ್ರ ಅದು. ಕಂದಾಯ ಇಲಾಖೆಯ ಈ ಹಳೆಯ ಮಾತು ದಾಖಲೆಗಳಲ್ಲಿ ಮಾಸಿಹೋದರೂ ಬಳ್ಳಾರಿಯ ಜನರ ಬಾಯಲ್ಲಿ ಉಳಿದುಕೊಂಡಿದೆ, ಆಟೋ ಚಾಲಕರ ಬಾಯಲ್ಲಂತೂ ದಿನಕ್ಕೆ ನೂರು ಸಲ.

ಇಂಥ ಬಜಾರು ಬೇಕಾದದ್ದೇಕೆ? 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟ. ‘ದತ್ತಮಂಡಲ’ವೆಂದು ಕರೆಯಲಾದ ಈ ಸೀಮೆಗೆ ಥಾಮಸ್ ಮನ್ರೋ ಮೊದಲ ಪ್ರಧಾನ ಕಲೆಕ್ಟರ್ ಆಗಿ ಬಂದ. ಪಾಳೆಯಗಾರರ ಹಾವಳಿ ಇನ್ನೂ ತಣ್ಣಗಾಗಿರಲಿಲ್ಲ. ಒಂದು ಕಡೆ ನಿಜಾಮನ ರಾಜ್ಯ, ಇನ್ನೊಂದು ಕಡೆ ಮೈಸೂರು. ಎರಡರ ಮೇಲೂ ಕಣ್ಣಿಡಲು ಕಂಪೆನಿ ಬಳ್ಳಾರಿಯಲ್ಲಿ ದೊಡ್ಡ ದಂಡನ್ನು ಇರಿಸಿತು. ಹಂಡೆ ಹನುಮಪ್ಪ ನಾಯಕ ಕಟ್ಟಿಸಿದ, ಆಮೇಲೆ ಹೈದರಾಲಿ ಬಲಪಡಿಸಿದ ಕೋಟೆ ಹೇಗೂ ಇತ್ತು. (ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು, ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿದೆ ಎಂಬುದನ್ನು ಗಮನಿಸದ ತಪ್ಪಿಗೆ ಹೈದರಾಲಿ ಗಲ್ಲಿಗೇರಿಸಿದ ಎಂಬ ಕತೆಯನ್ನು ಇಲ್ಲಿ ಇಂದಿಗೂ ಹೇಳುತ್ತಾರೆ.) 1808ರಲ್ಲಿ ಬಳ್ಳಾರಿ ಪ್ರತ್ಯೇಕ ಜಿಲ್ಲೆಯಾಯಿತು. ಬ್ರೂಸ್‌ಪೇಟೆ, ಮೆಲ್ಲರ್‌ಪೇಟೆಗಳು ಇಂಗ್ಲಿಷ್ ಅಧಿಕಾರಿಗಳ ಹೆಸರು ಹೊತ್ತು ಬೆಳೆದವು.

ದಂಡು ಎಂದರೆ ಬರೀ ಸಿಪಾಯಿಗಳಲ್ಲ. ಒಬ್ಬ ಸಿಪಾಯಿಯ ಹಿಂದೆ ಹಲವು ಹೊಟ್ಟೆಗಳು. ಬಟ್ಟೆ ಹೊಲಿಯಲು ದರ್ಜಿ, ಒಗೆಯಲು ಅಗಸ, ಬೂಟು ಹೊಲಿಯಲು ಚಮ್ಮಾರ, ಕುದುರೆಗೆ ಲಾಳ ಹೊಡೆಯುವವ, ಹುಲ್ಲು ತರುವವ, ಮಾಂಸ ಮಾರುವವ, ಕಾಳುಕಡಿಯ ಸಾಹುಕಾರ. ಇವರೆಲ್ಲ ದಂಡಿನ ಜೊತೆಯಲ್ಲೇ ಊರೂರು ಸುತ್ತುವ ಜನ. ಮದರಾಸು ಸೈನ್ಯದ ಬೆನ್ನಿಗೆ ತಮಿಳರು ಬಂದರು, ದಖನಿ ಉರ್ದು ಮಾತಾಡುವ ಮುಸ್ಲಿಮರು ಬಂದರು, ಮರಾಠಿ ದರ್ಜಿಗಳು ಬಂದರು. ಸುತ್ತಲ ಹಳ್ಳಿಗಳಿಂದ ಕನ್ನಡ, ತೆಲುಗು ಜನ ಕೂಲಿ ಹುಡುಕಿಕೊಂಡು ಬಂದರು. ಇಂಥವರ ನೆಲೆಯಾದ ಕೌಲ್ ಬಜಾರಿಗೂ ಬಂಗಲೆ, ಪರೇಡ್ ಮೈದಾನಗಳ ಕಂಟೋನ್ಮೆಂಟಿಗೂ ಇದ್ದ ನಂಟು ಕೆಲಸದ್ದು ಮಾತ್ರ. ಬೆಂಗಳೂರಿನ ಪೇಟೆ ಮತ್ತು ದಂಡು, ಹೈದರಾಬಾದ್ ಮತ್ತು ಸಿಕಂದರಾಬಾದ್ ಬೆಳೆದದ್ದೂ ಇದೇ ಬಗೆಯಲ್ಲಿ. ಆದರೆ ಆ ಊರುಗಳ ಬಗ್ಗೆ ಪುಸ್ತಕಗಳೇ ಬಂದಿವೆ. ಬಳ್ಳಾರಿಯ ಈ ಎರಡು ಮುಖಗಳ ಬಗ್ಗೆ ಬರೆದವರು ಕಡಿಮೆ.

1901ರ ಜನಗಣತಿಯ ಹೊತ್ತಿಗೆ ಬಳ್ಳಾರಿಯ ಜನಸಂಖ್ಯೆ 58 ಸಾವಿರ ಮುಟ್ಟಿತ್ತು. ಮದರಾಸು ಪ್ರಾಂತದ ದೊಡ್ಡ ಪಟ್ಟಣಗಳಲ್ಲಿ ಒಂದೆನಿಸಿತ್ತು. ಆಗಿನ ಸರ್ಕಾರಕ್ಕೆ ಈ ಊರು ಸೆರೆಯಾಳುಗಳನ್ನಿಡಲು ಒಳ್ಳೆಯ ಜಾಗವಾಗಿಯೂ ಕಂಡಿತು. ದಕ್ಷಿಣ ಆಫ್ರಿಕದ ಬೋಯರ್ ಕೈದಿಗಳು, ಮೊದಲ ಮಹಾಯುದ್ಧದ ತುರ್ಕಿ ಸೈನಿಕರು, 1921ರ ದಂಗೆಯ ಮಲಬಾರಿನ ಮಾಪಿಳ್ಳೆಗಳು, ಆಮೇಲೆ ಅಲೀಪುರ ಜೈಲಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರು, ಹೀಗೆ ಒಬ್ಬರಾದ ಮೇಲೊಬ್ಬರು ಬಳ್ಳಾರಿಯ ಬಿಸಿಲು ಕಂಡರು.

ಹೀಗೆ ಕೂಡಿದ ಊರಿಗೆ ಒಂದೇ ಭಾಷೆ ಇರಲು ಸಾಧ್ಯವಿರಲಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತಂದ. ಅದೇ ಊರಿನಲ್ಲಿ ಧರ್ಮವರಂ ರಾಮಕೃಷ್ಣಾಚಾರ್ಯರು ಮತ್ತು ವಕೀಲ ಕೋಲಾಚಲಂ ಶ್ರೀನಿವಾಸರಾಯರು ತೆಲುಗು ನಾಟಕಕ್ಕೆ ಹೊಸ ದಾರಿ ತೋರಿದರು. ತೆಲುಗು ರಂಗಭೂಮಿಯ ಮಹಾನಟ ಬಳ್ಳಾರಿ ರಾಘವ (1880–1946) ಕನ್ನಡ ನಾಟಕಗಳಲ್ಲೂ ಬಣ್ಣ ಹಚ್ಚಿದರು. ಇತ್ತ 1926ರಲ್ಲಿ ಫ.ಗು. ಹಳಕಟ್ಟಿಯವರ, 1938ರಲ್ಲಿ ರಂಗನಾಥ ದಿವಾಕರರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಗಳು ಇಲ್ಲಿಯೇ ಸೇರಿದವು. ಎರಡು ಭಾಷೆಗಳೂ ಒಂದೇ ಊರನ್ನು ತಮ್ಮ ಮನೆ ಎನ್ನುತ್ತಿದ್ದವು. ಕಲಾವಿದರಿಗೆ ಇದೊಂದು ತೊಡಕಾಗಿ ಕಾಣಲಿಲ್ಲ. ತೊಡಕಾದದ್ದು ರಾಜ್ಯದ ಗಡಿ ಎಳೆಯುವ ಹೊತ್ತು ಬಂದಾಗ.

1952ರ ಡಿಸೆಂಬರ್‌ನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ತೀರಿಕೊಂಡ ಬಳಿಕ ಆಂಧ್ರ ರಾಜ್ಯದ ರಚನೆ ಖಚಿತವಾಯಿತು. ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ, ಉಳಿದವು ಮೈಸೂರಿಗೆ ಎಂದಾಯಿತು. ಬಳ್ಳಾರಿ ತಾಲ್ಲೂಕು ಮಾತ್ರ ಯಾರದು ಎಂಬುದು ಇತ್ಯರ್ಥವಾಗಲಿಲ್ಲ. ಅದಕ್ಕಾಗಿ ಹೈದರಾಬಾದಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ಆಯೋಗ ನೇಮಕವಾಯಿತು.

ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವವನ ಮಾತೃಭಾಷೆ ಜನಗಣತಿಯ ಒಂದೇ ಕಲಮಿನಲ್ಲಿ ಹಿಡಿಸಬೇಕಾಗಿತ್ತು. ಕೌಲ್ ಬಜಾರಿನಂಥ ಕಡೆ ಇದು ಎಷ್ಟು ಕಷ್ಟದ ಲೆಕ್ಕವೆಂಬುದನ್ನು ಊಹಿಸಬಹುದು. ಭಾಷೆಯ ಗೆರೆ ಎಳೆಯುವುದಾದರೆ ಅದು ತಾಲ್ಲೂಕುಗಳ ನಡುವೆಯಲ್ಲ, ಅಡುಗೆಮನೆಗೂ ಪಡಸಾಲೆಗೂ ನಡುವೆ ಹಾಯಬೇಕಿತ್ತು. ಕೊನೆಗೆ ತೀರ್ಮಾನ ಮೈಸೂರಿನ ಕಡೆಗಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು.

ಆ ಸಂಭ್ರಮಕ್ಕೆ ಒಂದು ಜೀವ ಬಲಿಯಾಯಿತು. ಸೇರ್ಪಡೆಯ ಉತ್ಸವಕ್ಕೆ ಹಾಕಿದ್ದ ಚಪ್ಪರವನ್ನು ರಾತ್ರಿ ಕಾಯುತ್ತಿದ್ದ ಪೈಲ್ವಾನ ಪಿಂಜಾರ ರಂಜಾನ್ ಸಾಬ್ ಅವರ ಮೇಲೆ ದುಷ್ಕರ್ಮಿಗಳು ಆಸಿಡ್ ತುಂಬಿದ ಬಲ್ಬುಗಳನ್ನು ಎಸೆದರು. ಅವರು ಬದುಕುಳಿಯಲಿಲ್ಲ. ಕನ್ನಡದ ಚಪ್ಪರಕ್ಕೆ ಕಾವಲು ನಿಂತು ಸತ್ತವರು ಜನಗಣತಿಯ ಲೆಕ್ಕದಲ್ಲಿ ‘ಕನ್ನಡಿಗರು’ ಎಂದು ಬರೆಯಲ್ಪಟ್ಟಿದ್ದರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಏಕೀಕರಣದ ಚರಿತ್ರೆಯಲ್ಲಿ ಆಲೂರು ವೆಂಕಟರಾಯರಂಥ ಹಿರಿಯರ ಹೆಸರಿನ ಪಕ್ಕದಲ್ಲಿ ಈ ಹೆಸರು ಕೇಳಿಬರುವುದು ಬಳ್ಳಾರಿಯ ಆಚೆ ಅಪರೂಪವೇ.

ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ತುಂಗಭದ್ರಾ ಯೋಜನೆಯನ್ನು ಮುಂದಿಟ್ಟುಕೊಂಡು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಎರಡೇ ವರ್ಷಗಳ ಹಿಂದೆ ಬಂದಿದ್ದ ಊರು ಮತ್ತೆ ಕೈಬಿಟ್ಟು ಹೋಗುವ ಭಯ ಹುಟ್ಟಿತು. ಕೇಂದ್ರ ಆ ಶಿಫಾರಸನ್ನು ಒಪ್ಪಲಿಲ್ಲ. 1956ರಲ್ಲಿ ವಿಶಾಲ ಮೈಸೂರು ರಾಜ್ಯ ರೂಪುಗೊಂಡಾಗ ಬಳ್ಳಾರಿ ಅದರಲ್ಲಿತ್ತು. 1958ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಮೂರನೆಯ ಬಾರಿ ಬಳ್ಳಾರಿಗೆ ಬಂತು.

ದಂಡು ಹೋದ ಮೇಲೆ ಅದನ್ನೇ ನಂಬಿದ್ದ ಬಜಾರು ಬಾಡಬೇಕಿತ್ತು. ಹಾಗಾಗಲಿಲ್ಲ. ಸೈನಿಕರಿಗೆ ಸಮವಸ್ತ್ರ ಹೊಲಿದ ಕೈಗಳೇ ಪ್ಯಾಂಟು ಹೊಲಿದವು, ಆಮೇಲೆ ಜೀನ್ಸ್. ಬಳ್ಳಾರಿ ಜೀನ್ಸಿನ ಹುಟ್ಟನ್ನು ಸಾಮಾನ್ಯವಾಗಿ ಹೀಗೆಯೇ ಹೇಳುತ್ತಾರೆ. ಒಂದು ಮನೆಯಲ್ಲಿ ಬಟ್ಟೆ ಕತ್ತರಿಸಿದರೆ ಇನ್ನೊಂದರಲ್ಲಿ ಹೊಲಿಗೆ, ಮತ್ತೊಂದರಲ್ಲಿ ಗುಂಡಿ, ಕಾಜ. ಹೆಂಗಸರು ಮನೆಗೆಲಸದ ನಡುವೆ ಕೂತು ದಾರ ಕತ್ತರಿಸುತ್ತಾರೆ. ಮುಂಬಯಿಯ ಅಂಗಡಿಯಲ್ಲಿ ಬೇರೆ ಯಾವುದೋ ಹೆಸರಿನ ಚೀಟಿ ಅಂಟಿಸಿಕೊಂಡು ಮಾರಾಟವಾಗುವ ಪ್ಯಾಂಟು ಈ ಓಣಿಗಳಿಂದ ಹೊರಟಿರಬಹುದು. ಮಾಲೀಕರು ಕೆಲವರು ಬೆಳೆದಿದ್ದಾರೆ. ಎಣಿಕೆಯ ಲೆಕ್ಕದಲ್ಲಿ ಕೂಲಿ ಪಡೆಯುವವರ ಬದುಕು ಅಷ್ಟೇನೂ ಬದಲಾಗಿಲ್ಲ.

ಜಿಲ್ಲೆ ಮಾತ್ರ ಒಡೆಯುತ್ತಲೇ ಬಂದಿದೆ. 1882ರಲ್ಲಿ ಅನಂತಪುರ ಬೇರೆಯಾಯಿತು, 1953ರಲ್ಲಿ ಮೂರು ತಾಲ್ಲೂಕುಗಳು ಹೋದವು, 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ಹುಟ್ಟಿತು. ನಗರದ ಒಳಗೂ ಗೆರೆ ಬಿದ್ದಿದೆ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಬಳ್ಳಾರಿಗೆ ಎರಡು ವಿಧಾನಸಭಾ ಕ್ಷೇತ್ರಗಳಾದವು. ಬ್ರೂಸ್‌ಪೇಟೆಯವರು ಮತ ಹಾಕುವುದು ನಗರ ಕ್ಷೇತ್ರಕ್ಕೆ. ಅದೇ ಪಾಲಿಕೆಗೆ ಕಂದಾಯ ಕಟ್ಟುವ, ಇನ್ನೂರು ವರ್ಷಗಳಿಂದ ಪಟ್ಟಣದ ಕಸುಬುಗಳನ್ನೇ ಮಾಡಿಕೊಂಡು ಬಂದ ಕೌಲ್ ಬಜಾರಿನವರು ಮತ ಹಾಕುವುದು ಗ್ರಾಮಾಂತರಕ್ಕೆ.