ರೀಚಾರ್ಜ್ ಪ್ರಯಾಣ ಕಾರ್ಡ್

ಮುಂಗಡವಾಗಿ ಹಣ ತುಂಬಿಸಿ, ಗೇಟಿಗೆ ತಾಗಿಸಿ ಸಾಗುವ ಕಾರ್ಡ್. ಹಾಂಗ್‌ಕಾಂಗ್‌ನ ಆಕ್ಟೋಪಸ್ (1997), ಲಂಡನ್ನಿನ ಆಯ್‌ಸ್ಟರ್ (2003) ಹೆಸರಾದವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಮೆಟ್ರೋ ಇಲ್ಲದ್ದರಿಂದ ಇಲ್ಲಿನವರಿಗೆ ಇದರ ಬಳಕೆ ಬೀಳುವುದು ಬೆಂಗಳೂರಿನಲ್ಲಿ, ಇಲ್ಲವೇ ಹೊರದೇಶದಲ್ಲಿ. ಅಪರೂಪದ ಪ್ರಯಾಣಿಕರಿಗೆ ಒಂದೇ ಊರಿಗೆ ಕಟ್ಟುಬಿದ್ದ ಕಾರ್ಡ್ ತೊಡಕಿನದು: ಉಳಿದ ಹಣ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. 2019ರಲ್ಲಿ ಬಂದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡ್ ದೇಶದೊಳಗೆ ಇದನ್ನು ಬಹುಮಟ್ಟಿಗೆ ಬಿಡಿಸಿದೆ. ಬೆಂಗಳೂರಿನ ‘ನಮ್ಮ ಮೆಟ್ರೋ’ದಲ್ಲಿ ತಾಗಿಸಿದ್ದನ್ನೇ ದೆಹಲಿ, ಚೆನ್ನೈ ಮೆಟ್ರೋಗಳಲ್ಲೂ ತಾಗಿಸಬಹುದು. ಮೊಬೈಲ್ ಇರುವಾಗ ಕಾರ್ಡೇಕೆ ಎನ್ನುವವರುಂಟು. ಆದರೆ ಹಣದ ಲೆಕ್ಕ ಕಾರ್ಡಿನ ಚಿಪ್‌ನಲ್ಲೇ ಇರುವುದರಿಂದ ಇದಕ್ಕೆ ನೆಟ್‌ವರ್ಕಿನ, ಬ್ಯಾಟರಿಯ ಹಂಗಿಲ್ಲ.

ಲಂಡನ್ನಿನ ಟ್ಯೂಬ್ ರೈಲಿನಲ್ಲಿ 2014ರಿಂದ ಬ್ಯಾಂಕ್ ಕಾರ್ಡನ್ನೇ ತಾಗಿಸಬಹುದು. ಆದರೂ ಪ್ರತಿಯೊಬ್ಬರಿಗೂ ಪ್ರತ್ಯೇಕ ಕಾರ್ಡ್ ಬೇಕು. ಅಂತರರಾಷ್ಟ್ರೀಯ ಕಾರ್ಡಿಲ್ಲದೆ ಮಕ್ಕಳ ಮನೆಗೆ ಹೋಗುವ ಹಿರಿಯರಿಗೆ ಆಯ್‌ಸ್ಟರೇ ಹೆಚ್ಚು ಅನುಕೂಲ. ಅದರಲ್ಲಿ ಉಳಿದ ಹಣಕ್ಕೆ ಅವಧಿಯೂ ಇಲ್ಲ; ಮುಂದಿನ ಸಲಕ್ಕೆ ಜೋಪಾನವಾಗಿಡಬಹುದು.